ಎರ್ರೆಪ್ಪನ ಕೈಯಲ್ಲಿ ಪಳಗಿದ ಗಾಡಿ

ಕುರುಗೋಡಿನ ಸುತ್ತಮುತ್ತ ಹೊಸ ಬೈಕು ಕೊಂಡವರಲ್ಲಿ ಬಹಳ ಜನ ಅದರ ಮೊದಲ ಸಾವಿರ ಕಿಲೋಮೀಟರನ್ನು ತಾವು ಓಡಿಸುತ್ತಿರಲಿಲ್ಲ. ಬಳ್ಳಾರಿಯ ಷೋರೂಮಿನಿಂದ ಗಾಡಿ ಹೊರಬಿದ್ದ ದಿನ ದೊಡ್ಡಬಸವೇಶ್ವರನ ಗುಡಿಯ ಮುಂದೆ ನಿಲ್ಲಿಸಿ, ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಅಲ್ಲಿಂದ ನೇರವಾಗಿ ಎರ್ರೆಪ್ಪನ ಮನೆಗೆ ತಂದು ಕೀಲಿಕೈ ಅವನ ಕೈಗೆ ಕೊಡುತ್ತಿದ್ದರು. ಹೋರಿಯ ಹೆಗಲಿಗೆ ಮೊದಲ ನೊಗ ಇಡುವವನು ಒರಟನಾದರೆ ಅದು ಬದುಕಿರುವತನಕ ಮೊಂಡು ಬೀಳುತ್ತದೆ ಎಂದು ನಂಬಿದ್ದ ಜನ ಅವರು. ಎತ್ತು ಹೋಗಿ ಎಂಜಿನ್ ಬಂದರೂ ನಂಬಿಕೆ ಮಾತ್ರ ಹೋಗಲಿಲ್ಲ. ಎಂಜಿನ್ನೂ ಮೊದಲ ಕೈಯನ್ನು ಕಲಿಯುತ್ತದೆ ಎಂದರು. ಅದರಲ್ಲಿ ಸ್ವಲ್ಪ ಸತ್ಯವೂ ಇದೆ.

ಎರ್ರೆಪ್ಪನಿಗೆ ಅರವತ್ತೈದು. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಅಷ್ಟು ವರ್ಷದಲ್ಲಿ ಒಂದು ಅಪಘಾತವಿಲ್ಲ, ಮೇಲಿನವರಿಂದ ಒಂದು ನೋಟೀಸಿಲ್ಲ. ಬೈಕು ಪಳಗಿಸುವುದಕ್ಕೆ ಅವನು ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ಪೆಟ್ರೋಲು ಅವರದು, ಚಹಾ ತನ್ನದು. ಅವನ ಕ್ರಮ ಒಮ್ಮೆಯೂ ಬದಲಾಗುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಕುರುಗೋಡು ಬಿಟ್ಟು ಬಳ್ಳಾರಿ. ಬ್ರೂಸ್‌ಪೇಟೆಯಲ್ಲಿ ಒಂದು ಚಹಾ, ಎಂಜಿನ್ನಿನ ಬಿಸಿ ಅಂಗೈಗೆ ತಾಳುವಷ್ಟು ಆರುವತನಕ. ಅಲ್ಲಿಂದ ಹೆದ್ದಾರಿ ಹಿಡಿದು ತೆಕ್ಕಲಕೋಟೆ ದಾಟಿ ಸಿರುಗುಪ್ಪ. ಅಲ್ಲಿ ಮತ್ತೊಂದು ಚಹಾ. ಮತ್ತೆ ಕುರುಗೋಡು. ಒಂದು ಸುತ್ತಿಗೆ ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸು. ಎಂಟು ಸುತ್ತಿಗೆ ಗಾಡಿ ಪಳಗಿತು. ಮೊದಲ ಐದುನೂರರಲ್ಲಿ ಮುಳ್ಳು ಐವತ್ತನ್ನು ದಾಟುತ್ತಿರಲಿಲ್ಲ. ಹಾಗೆಂದು ಒಂದೇ ವೇಗದಲ್ಲಿಯೂ ಇರುತ್ತಿರಲಿಲ್ಲ. ಮೂವತ್ತಕ್ಕೆ ಇಳಿಸುವುದು, ನಲವತ್ತೈದಕ್ಕೆ ಏರಿಸುವುದು, ಮತ್ತೆ ಇಳಿಸುವುದು. ಹಿಂದಿನ ಸೀಟಿನಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. ಒಂದು ದಿನ ಹೆಂಡತಿ ಈರಮ್ಮ ಮಳೆಯಲ್ಲಿ ನೆನೆಯುತ್ತ ಬಸ್ಸಿಗೆ ಕಾಯುತ್ತಿದ್ದಾಗ ಅವಳಿಗೆ ಕೈ ಬೀಸಿ ಮುಂದೆ ಹೋಗಿದ್ದ. “ಇಂಥಾ ಗಂಡ ವೈರಿಗೂ ಬ್ಯಾಡ” ಎಂದು ಅವಳು ಓಣಿಯಲ್ಲೆಲ್ಲ ಹೇಳಿಕೊಂಡು ನಕ್ಕಳು. ಆ ಕಥೆಯಿಂದ ಅವನ ಹೆಸರು ಇನ್ನಷ್ಟು ಬೆಳೆಯಿತು.

ಹೀಗೆ ನಲವತ್ತಕ್ಕೂ ಹೆಚ್ಚು ಗಾಡಿ ಅವನ ಕೈಯಲ್ಲಿ ಪಳಗಿದ್ದವು. ಒಂದೂ ಕೆಟ್ಟಿರಲಿಲ್ಲ. ಕೆಟ್ಟದ್ದು ಹೇಮಾಳ ಗಾಡಿ.

ಹೇಮಾ ಸಿರುಗುಪ್ಪದವಳು, ವಯಸ್ಸು ಮೂವತ್ತೆರಡು. ಪಶುವೈದ್ಯ ಇಲಾಖೆಯಲ್ಲಿ ಕೆಲಸ. ಕುರಿಗಳಿಗೆ ಲಸಿಕೆ ಹಾಕುವುದು ಅವಳ ಪಾಲಿಗೆ ಬಂದಿತ್ತು. ಕುರಿಗಾರರು ಒಂದು ಕಡೆ ನಿಲ್ಲುವವರಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ ಇಂದು ಇಲ್ಲಿ, ನಾಳೆ ಅಲ್ಲಿ ಹಟ್ಟಿ ಹಾಕುತ್ತಾರೆ. ಮಂಜುಗಡ್ಡೆ ತುಂಬಿದ ಲಸಿಕೆ ಪೆಟ್ಟಿಗೆಯನ್ನು ಸ್ಕೂಟರಿನಲ್ಲಿಟ್ಟುಕೊಂಡು ಹೊರಟರೆ ಟಾರು ಮುಗಿದಲ್ಲಿ ಸ್ಕೂಟರು ನಿಲ್ಲುತ್ತಿತ್ತು. ಮುಂದಿನ ಎರಡು ಮೂರು ಕಿಲೋಮೀಟರು ಪೆಟ್ಟಿಗೆ ಅವಳ ಹೆಗಲ ಮೇಲೆ. ವರ್ಷವಿಡೀ ಯೋಚಿಸಿ, ತನ್ನ ಸಂಬಳದಲ್ಲಿ, ರಸ್ತೆಗೂ ಹೊಲಕ್ಕೂ ಆಗುವಂಥ ಇನ್ನೂರು ಸಿಸಿಯ ಬೈಕು ಕೊಂಡಳು. ಸೀಟು ಎತ್ತರ, ಟೈರಿಗೆ ಗಡ್ಡೆಗಡ್ಡೆಯಾದ ಹಲ್ಲು, ಮುಂದಿನ ಮಡ್‌ಗಾರ್ಡು ಚಕ್ರದಿಂದ ಗೇಣುದ್ದ ಮೇಲೆ. ನಿಲ್ಲಿಸಿದಾಗ ಅವಳಿಗೆ ಎರಡೂ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಸೀಟಿನ ಒಂದು ಪಕ್ಕಕ್ಕೆ ಜಾರಿ ಒಂದೇ ಕಾಲು ಊರುವುದನ್ನು ಕಲಿತಳು.

ಅವಳ ಗಂಡ ಮಾರೇಶ ಅಕ್ಕಿ ಗಿರಣಿಯೊಂದರಲ್ಲಿ ಮೇಲ್ವಿಚಾರಕ. ಕೆಟ್ಟವನಲ್ಲ, ಆದರೆ ನಾಲಿಗೆಗೆ ಲಗಾಮಿರಲಿಲ್ಲ. “ಇದನ್ನ ಹತ್ತಾಕ ಏಣಿ ಬೇಕು, ಇಳಿಯಾಕ ನಾ ಬೇಕು” ಎಂದು ಕಂಡಕಂಡವರಿಗೆ ಹೇಳಿದ. ಆದರೂ ಗಾಡಿಯನ್ನು ಎರ್ರೆಪ್ಪನ ಮನೆಗೆ ತಂದುಕೊಟ್ಟವನು ಅವನೇ.

ಎರ್ರೆಪ್ಪ ಆ ಬಗೆಯ ಗಾಡಿಯನ್ನು ಅದುವರೆಗೆ ಹತ್ತಿರಲಿಲ್ಲ. ಮೊದಲ ದಿನವೇ ಅವನಿಗೆ ಒಂದು ಬದಲಾವಣೆ ಕಂಡಿತು. ಸೀಟಿನ ಎತ್ತರದಿಂದ ಜಾಲಿಗಿಡಗಳ ಆಚೆಗಿನ ಗದ್ದೆ, ಕಾಲುವೆ, ಅದರಾಚೆಯ ಎರೆಹೊಲ ಎಲ್ಲವೂ ಕಾಣುತ್ತಿತ್ತು. ರಸ್ತೆಯಲ್ಲಿ ಗುಂಡಿ ಬಂದರೆ ಗಾಡಿ ಅದನ್ನು ನುಂಗಿ ಹೋಗುತ್ತಿತ್ತು. ಉಳಿದ ಗಾಡಿಗಳನ್ನು ಅವನು ನೋಡಿಕೊಂಡಿದ್ದ, ಇದನ್ನು ಬಯಸಿದ. ಮೂರನೆಯ ದಿನ ಬ್ರೂಸ್‌ಪೇಟೆಯ ಅಂಗಡಿಯೊಂದರ ಗಾಜಿನಲ್ಲಿ ತನ್ನನ್ನು ತಾನು ಆ ಗಾಡಿಯ ಮೇಲೆ ಕಂಡು, ಸ್ವಲ್ಪ ನಿಧಾನ ಮಾಡಿ, ಇನ್ನೊಮ್ಮೆ ನೋಡಿಕೊಂಡ.

ಭಾದ್ರಪದ ಮಾಸ. ಎರಡು ದಿನ ಮಳೆ ಹಿಡಿದು ಅಂದು ಬಿಸಿಲು ಬಿದ್ದಿತ್ತು. ಮೀಟರು ಮುನ್ನೂರೈವತ್ತನ್ನು ಆಗಷ್ಟೇ ದಾಟಿತ್ತು. ಸಿರುಗುಪ್ಪದ ಚಹಾ ಅಂಗಡಿಯಲ್ಲಿ ಟ್ರ್ಯಾಕ್ಟರ್ ಓಡಿಸುವ ಹುಲುಗೇಶ ಎಂಬವನು ಗಾಡಿಯನ್ನು ಸುತ್ತುಹಾಕಿ ನೋಡಿದ.

“ಎರ್ರೆಪ್ಪ ಮಾವ, ಇದು ಗುಡ್ಡ ಹತ್ತೋ ಗಾಡಿ ಅಂತ. ನೀವು ನೋಡಿದ್ರ ಮದುಮಗನ ಕುದುರಿ ನಡೆಸಿದಂಗ ನಡಸ್ತೀರಲ್ಲ?”

“ಪಳಗೂತನಕ ಹಂಗಽ ನಡಸಬೇಕಲೇ.”

“ಟಾರಿನ ಮ್ಯಾಲೆ ಪಳಗಿದ್ದು ಕೆಸರಿನ್ಯಾಗ ಏನ್ ಮಾಡೀತು? ಹಾಸಿಗಿ ಮ್ಯಾಲೆ ಈಜು ಕಲಿಸಿದಂಗಾತು.”

ಕುಳಿತವರು ನಕ್ಕರು. ಎರ್ರೆಪ್ಪನೂ ನಕ್ಕ. ಮುಂದೆ ಎಷ್ಟೋ ತಿಂಗಳು ಅವನು ಈ ನಗೆಯನ್ನು, ಹುಲುಗೇಶನ ಈ ಮಾತನ್ನು ಹೊಣೆ ಮಾಡಲು ನೋಡಿದ. ಅದು ನಿಜವಾಗಿರಲಿಲ್ಲ. ಮೂವತ್ತು ವರ್ಷ ಬಸ್ಸಿನಲ್ಲಿ ಇಂಥ ನೂರು ಮಾತು ಕೇಳಿ ಕಿವಿಯಾಚೆ ಹಾಕಿದವನು ಅವನು. ಹೊಲಕ್ಕೆ ಇಳಿಯಬೇಕೆಂದು ಬೆಳಿಗ್ಗೆ ಮನೆ ಬಿಡುವಾಗಲೇ ಮನಸ್ಸಾಗಿತ್ತು. ಹುಲುಗೇಶ ಒಂದು ನೆಪ ಒದಗಿಸಿದ, ಅಷ್ಟೆ.

ಊರು ದಾಟಿ ಎರಡು ಕಿಲೋಮೀಟರಿಗೆ ಹೊಳೆಯ ಕಡೆ ಹೋಗುವ ಹೊಲದ ದಾರಿಗೆ ಗಾಡಿ ಇಳಿಸಿದ. ಮೇಲೆ ಒಣಗಿದ ಹೆಪ್ಪು, ಗಾಡಿ ಹಗುರವಾಗಿ ಹೋಯಿತು. ಅರ್ಧ ಕಿಲೋಮೀಟರು ಅವನು ಸುಖವಾಗಿದ್ದ. ಆಮೇಲೆ ಹೆಪ್ಪು ಒಡೆದು ಎರೆಮಣ್ಣು ಶುರುವಾಯಿತು. ಒದ್ದೆಯಾದ ಎರೆಮಣ್ಣು ಮೆಟ್ಟಿದವರ ಕಾಲಿಗೇ ಮೂರು ಸೇರು ಅಂಟುತ್ತದೆ, ಚಕ್ರಕ್ಕೆ ಬಿಡುತ್ತದೆಯೆ? ಹಿಂದಿನ ಟೈರು ಹಲ್ಲು ಕಾಣದಂತೆ ಉಂಡೆಯಾಯಿತು. ಮುಂದಿನ ಮಡ್‌ಗಾರ್ಡು ಎತ್ತರದಲ್ಲಿದ್ದುದರಿಂದ ಆ ಚಕ್ರ ಮಾತ್ರ ಕಟ್ಟಲಿಲ್ಲ, ತಿರುಗುತ್ತಲೇ ಇತ್ತು. ತಿರುಗಿ ತಿರುಗಿ ಮಣ್ಣನ್ನೆಲ್ಲ ನೇರವಾಗಿ ಎಂಜಿನ್ನಿನ ಮೇಲೆ ಎಸೆಯಿತು. ಗಾಳಿಯಿಂದ ತಣ್ಣಗಾಗುವ ಎಂಜಿನ್ ಅದು. ಗಾಳಿ ಆಡಲೆಂದೇ ಬಿಟ್ಟಿರುವ ಪಕ್ಕೆಯ ಸಂದುಗಳೆಲ್ಲ ಗೋಡೆಗೆ ಗಿಲಾವು ಮಾಡಿದಂತೆ ಮುಚ್ಚಿಹೋದವು.

ನಿಲ್ಲಿಸಬೇಕಾಗಿತ್ತು. ನಿಲ್ಲಿಸಿ, ಕಡ್ಡಿಯಿಂದ ಮಣ್ಣು ಕೆರೆದು, ಆರಲು ಬಿಟ್ಟು, ತಳ್ಳಿಕೊಂಡು ವಾಪಸಾಗಬೇಕಾಗಿತ್ತು. ಬೇರೆ ಯಾರಾದರೂ ಕೇಳಿದ್ದರೆ ಅವನು ಇದನ್ನೇ ಹೇಳುತ್ತಿದ್ದ. ಆದರೆ ದೂರದಲ್ಲಿ ಹುಲುಗೇಶನ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಕೆಸರಿನಲ್ಲಿ ಸಿಕ್ಕಿಬಿದ್ದವನಾಗಿ ಕಾಣಿಸಿಕೊಳ್ಳಲು ಮನಸ್ಸಾಗದೆ, ಮೊದಲ ಗೇರಿನಲ್ಲಿ, ಆಕ್ಸಿಲರೇಟರು ಪೂರ್ತಿ ತಿರುವಿ, ಕಾಲು ಗಂಟೆ ಗಾಡಿಯನ್ನು ಎಳೆದಾಡಿಸಿದ. ಸುಟ್ಟ ಕಬ್ಬಿಣದ ವಾಸನೆ ಬಂತು. ಸದ್ದು ಬದಲಾಯಿತು. ಯಾರೋ ಹಿಂದಿನಿಂದ ಬ್ರೇಕು ಹಿಡಿದಂತೆ ಗಾಡಿ ಜಗ್ಗಿತು. ಆಮೇಲೆ ಕಿರ್ರೆಂದು ಒಂದು ಸಣ್ಣ ಸದ್ದು, ಹಿಂದಿನ ಚಕ್ರ ಹಿಡಿದುಕೊಂಡು ಎಲ್ಲ ನಿಂತಿತು.

ಒಳಗೆ ಪಿಸ್ಟನ್ ಸಿಲಿಂಡರನ್ನು ಕಚ್ಚಿತೆಂದು ಅವನಿಗೆ ಆ ಕ್ಷಣವೇ ತಿಳಿಯಿತು. ಹೊಸ ಎಂಜಿನ್ನಿಗೆ ಆಗಬಾರದ್ದು ಅದೊಂದೇ. ಅದಾಗದಿರಲಿ ಎಂದೇ ಊರವರು ಅವನ ಕೈಗೆ ಗಾಡಿ ಕೊಡುತ್ತಿದ್ದದ್ದು.

ಹುಲುಗೇಶ ಬಂದು ಹಗ್ಗ ಕಟ್ಟಿ ಟಾರಿನತನಕ ಎಳೆದುತಂದ. ತಾಸು ಹೊತ್ತಿನ ಮೇಲೆ ಎಂಜಿನ್ ಆರಿ, ಗುಂಡಿ ಒತ್ತಿದರೆ ಶುರುವಾಯಿತು. ಕಾಲುವೆಯ ಪಕ್ಕ ನಿಲ್ಲಿಸಿ ಎರ್ರೆಪ್ಪ ಅದನ್ನು ಹಸು ತೊಳೆದಂತೆ ತೊಳೆದ.

“ಈ ಮಾತು ಇಲ್ಲೇ ಇರಲೇ, ಹುಲುಗೇಶ.”

“ನಮ್ಮವ್ವನಾಣಿ ಮಾವ, ಯಾರಿಗೂ ಹೇಳಂಗಿಲ್ಲ” ಎಂದ ಹುಲುಗೇಶ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಹಾಸ್ಯ ಮಾಡಿದ್ದು ತನ್ನ ತಪ್ಪೆಂದು ಅವನೂ ತಿಳಿದುಕೊಂಡಿದ್ದ.

ಆ ಸಂಜೆ ಮನೆಯ ಹಿತ್ತಲಲ್ಲಿ ಎರ್ರೆಪ್ಪ ಎಂಜಿನ್ ಆಯಿಲ್ ಇಳಿಸಿದ. ಹೊಸ ಗಾಡಿಯ ಎಣ್ಣೆಯಲ್ಲಿ ಸ್ವಲ್ಪ ಲೋಹದ ಪುಡಿ ಇರುವುದು ಸಹಜ. ಇದರಲ್ಲಿ ರಂಗೋಲಿ ಪುಡಿ ಕಲಸಿದಷ್ಟು ಮಿಂಚು ಇತ್ತು. ಬೆರಳಿನಲ್ಲಿ ತಿಕ್ಕಿ ನೋಡಿ, ಎಲ್ಲವನ್ನೂ ತಿಪ್ಪೆಗೆ ಸುರಿದು ಮೇಲೆ ಬೂದಿ ಎಳೆದ.

“ಐದ್ನೂರಕ್ಕ ಅಲ್ಲೇನು ಎಣ್ಣಿ ತೆಗಿಯೋದು?” ಎಂದು ಈರಮ್ಮ ಕೇಳಿದಳು. ಇಷ್ಟು ವರ್ಷ ನೋಡಿ ಅವಳಿಗೂ ಲೆಕ್ಕ ಬಾಯಿಪಾಠವಾಗಿತ್ತು.

“ನೀ ರೊಟ್ಟಿ ಬಡಿ ಹೋಗು” ಎಂದು ಅವನು ಗದರಿದ. ಅವಳು ಒಂದು ಗಳಿಗೆ ನಿಂತು ನೋಡಿ ಒಳಗೆ ಹೋದಳು.

ಉಳಿದ ಸುತ್ತುಗಳನ್ನು ಅವನು ಯಾವ ಗಾಡಿಗೂ ತೋರದಷ್ಟು ಎಚ್ಚರದಿಂದ ಮುಗಿಸಿದ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ, ದನಿ ಕೇಳಿ, ಸಡಿಲಾದವನ್ನು ಬಿಗಿ ಮಾಡಿದ. ಚೈನಿಗೆ ಎಣ್ಣೆ ಬಿಟ್ಟ. ಎಂಜಿನ್ ಚೆನ್ನಾಗಿಯೇ ಓಡಿತು. ಏನೂ ಆಗಿಲ್ಲ, ಆಗಿದ್ದರೆ ಗೊತ್ತಾಗುತ್ತಿತ್ತು ಎಂದು ತನಗೆ ತಾನೇ ಹೇಳಿಕೊಂಡ. ಗಾಡಿ ಒಪ್ಪಿಸಿದ ದಿನ ಹೇಮಾ ಅವನಿಗೆ ಟವೆಲು ಹೊದಿಸಿ, ತೆಂಗಿನಕಾಯಿ ಬಾಳೆಹಣ್ಣು ಕೊಟ್ಟು ಕಾಲು ಮುಟ್ಟಿದಳು. ಅವನು ಕಾಲು ಹಿಂದೆ ತೆಗೆದುಕೊಂಡ. ಅದನ್ನೂ ವಿನಯವೆಂದೇ ತಿಳಿದರು.

ನಾಲ್ಕು ತಿಂಗಳು ಕಳೆಯಿತು. ಸಂಕ್ರಾಂತಿಯ ಮುಂಚೆ ಒಂದು ದಿನ ಹೇಮಾ ಗಾಡಿ ತೆಗೆದುಕೊಂಡು ಕುರುಗೋಡಿಗೆ ಬಂದಳು. ಓಣಿಯ ತಿರುವಿನಲ್ಲೇ ಅವನಿಗೆ ನೀಲಿ ಹೊಗೆ ಕಂಡಿತು.

“ಮಾವ, ಗಾಡಿ ಎಣ್ಣಿ ಕುಡಿಯಾಕತ್ತೈತ್ರಿ. ವಾರಕ್ಕೊಮ್ಮೆ ಹಾಕ್ತೀನಿ, ಮತ್ತ ಇಳೀತೈತಿ. ನಾ ಏನ್ ತಪ್ಪು ಮಾಡಾಕತ್ತೀನಿ ನೋಡಿ ಹೇಳ್ರಿ.”

ಅವಳ ಪ್ರಶ್ನೆ ಅದಾಗಿತ್ತು. ಗಾಡಿಗೆ ಏನಾಗಿದೆ ಎಂದು ಅವಳು ಕೇಳಲಿಲ್ಲ. ಎರ್ರೆಪ್ಪ ಎಂಜಿನ್ ಚಾಲೂ ಮಾಡಿ, ಹೊಗೆ ಕೊಳವೆಯ ಬಾಯಿಗೆ ಅಂಗೈ ಒಡ್ಡಿ, ವಾಸನೆ ನೋಡಿದ. ಪಿಸ್ಟನ್ ಕಚ್ಚಿದ ಗೆರೆಗಳ ಸಂದಿನಿಂದ ಎಣ್ಣೆ ಮೇಲೇರಿ ಸುಡುತ್ತಿದೆ. ಹೇಳಲು ಎರಡು ವಾಕ್ಯ ಸಾಕಾಗಿತ್ತು. ಈರಮ್ಮ ಚಹಾ ತಂದು ಬಾಗಿಲಲ್ಲಿ ನಿಂತಿದ್ದಳು, ಪಕ್ಕದ ಮನೆಯವರು ಇಣುಕುತ್ತಿದ್ದರು.

“ಕ್ಲಚ್ಚಿನ ಮ್ಯಾಲೆ ಬೆರಳು ಇಟ್ಕೊಂಡು ಓಡಸ್ತೀರೇನ್ರಿ, ಹೇಮಮ್ಮ?” ಎಂದು ಕೇಳಿದ.

ಅವಳು ಯೋಚಿಸಿ ಪ್ರಾಮಾಣಿಕವಾಗಿ ಹೇಳಿದಳು. “ಹೊಲದಾಗ ಇಡ್ತೀನ್ರಿ. ಬದು ದಾಟುವಾಗ ಅರ್ಧ ಒತ್ತಿ ನಿಧಾನಕ್ಕ ಬಿಡ್ತೀನಿ.”

“ಅದನ್ನ ಬಿಟ್ಟುಬಿಡ್ರಿ. ಬೆರಳು ಮುಟ್ಟಬ್ಯಾಡ್ರಿ.”

ಕ್ಲಚ್ಚಿಗೂ ನೀಲಿ ಹೊಗೆಗೂ ಸಂಬಂಧವಿಲ್ಲ. ಬದು ದಾಟುವಾಗ ಅವಳು ಮಾಡುತ್ತಿದ್ದದ್ದೇ ಸರಿ. ಅಂಥ ಗಾಡಿಯನ್ನು ಹೊಲದಲ್ಲಿ ಬೇರೆ ರೀತಿ ಓಡಿಸಲು ಬರುವುದಿಲ್ಲ. ಇದು ಎರ್ರೆಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ತಲೆಯಾಡಿಸಿ, ಚಹಾ ಕುಡಿದು, ಬೆರಳುಗಳನ್ನು ಹಿಡಿಯ ಮೇಲೆ ಬಿಗಿಯಾಗಿ ಮಡಚಿಕೊಂಡು ಹೋದಳು. ಓಣಿ ದಾಟುವತನಕ ಆ ಮಡಚಿದ ಬೆರಳುಗಳನ್ನೇ ಅವನು ನೋಡುತ್ತಿದ್ದ. ಕೆಸರಿಗೆ ಇಳಿದದ್ದು ಆಸೆ. ಈ ಮಾತಿಗೆ ಅಂಥ ನೆಪವೂ ಇರಲಿಲ್ಲ.

ಅಲ್ಲಿಂದ ಅವನಿಗೆ ನೆಮ್ಮದಿ ತಪ್ಪಿತು. ಅವನ ಹೆಸರೇ ಹೇಮಾಳ ವಿರುದ್ಧ ಸಾಕ್ಷಿಯಾಗಿತ್ತು. ಎರ್ರೆಪ್ಪ ಪಳಗಿಸಿದ ಗಾಡಿ ಕೆಡುವುದಿಲ್ಲ. ಆದ್ದರಿಂದ ಕೆಡಿಸಿದವಳು ಅವಳೇ. ಮಾರೇಶ ಹೀಗೆಂದು ಗಿರಣಿಯಲ್ಲಿ ಹೇಳಿದ. ಷೋರೂಮಿನವರು ಎಂಜಿನ್ ಮಿತಿಮೀರಿ ಕಾದಿದೆ, ಒರಟಾಗಿ ಓಡಿಸಿದ್ದಾರೆ, ವಾರಂಟಿ ನಡೆಯುವುದಿಲ್ಲ ಎಂದರು. ಚಹಾ ಅಂಗಡಿಯಲ್ಲಿ ಅದಕ್ಕೆ ‘ಡಾಕ್ಟ್ರಮ್ಮನ ಹೊಗಿ ಬಂಡಿ’ ಎಂದು ಹೆಸರು ಬಿತ್ತು. ಈ ಹೆಸರನ್ನು ಎರ್ರೆಪ್ಪನ ಎದುರಿಗೇ ಯಾರೋ ಹೇಳಿ, “ನಿಮ್ಮ ಕಷ್ಟ ನೀರಾಗ ಹೋತು ಮಾವ” ಎಂದು ಮರುಗಿದರು. ಹುಲುಗೇಶ ಲೋಟದೊಳಗೆ ಮುಖ ಇಟ್ಟ. ಎರ್ರೆಪ್ಪ ಚಹಾದ ಕಾಸು ಇಟ್ಟು ಎದ್ದುಬಂದ. ಅಂದಿನಿಂದ ಹೊಸ ಗಾಡಿ ತಂದವರಿಗೆ ಸೊಂಟನೋವು ಎಂದು ಹೇಳಿ ಕೀಲಿಕೈ ಹಿಂದಿರುಗಿಸತೊಡಗಿದ. ಸೊಂಟಕ್ಕೆ ಏನೂ ಆಗಿರಲಿಲ್ಲ.

ಫೆಬ್ರುವರಿಯಲ್ಲಿ ಗಾಡಿ ಹೊಳೆಯ ದಂಡೆಯ ಹಟ್ಟಿಯೊಂದರ ಹತ್ತಿರ ಪೂರ್ತಿ ನಿಂತುಬಿಟ್ಟಿತು. ಮಂಜು ಕರಗಿ ಲಸಿಕೆ ಹಾಳಾಯಿತು. ಮುನ್ನೂರು ಕುರಿಗಳ ಲಸಿಕೆ. ಮೇಲಿನವರು ಹೇಮಾಳಿಂದ ಕಾರಣ ಕೇಳಿ ನೋಟೀಸು ಕೊಟ್ಟರು. ವಾಹನವನ್ನು ಸರಿಯಾಗಿ ನಿರ್ವಹಿಸದ್ದು ತನ್ನ ತಪ್ಪೆಂದು ಅವಳು ಬರೆದುಕೊಟ್ಟಳು. ಗಾಡಿ ಮಾರಿ, ಬಳ್ಳಾರಿಯ ಕಚೇರಿಯಲ್ಲಿ ಕುರ್ಚಿ ಕೆಲಸ ಕೇಳಿಕೊಳ್ಳುವುದೆಂದು ಗಂಡಹೆಂಡತಿ ತೀರ್ಮಾನಿಸಿದರು. ಆಮೇಲೆ ಎರ್ರೆಪ್ಪನಿಗೆ ಅವಳ ಫೋನು ಬಂತು.

“ಮಾವ, ನಾಳೆ ಬ್ರೂಸ್‌ಪೇಟಿಯಾಗ ಶಶಿಕಾಂತಣ್ಣನ ಅಂಗಡಿಯಾಗ ಎಂಜಿನ್ ಬಿಚ್ಚಸ್ತೀವ್ರಿ. ಕೊಳ್ಳಾವ ಸಂಜೀಗೆ ನೋಡಾಕ ಬರ್ತಾನ. ಮೊದಲನೇ ಸಾವಿರ ನಿಮ್ಮ ಕೈಯಾಗ ಓಡೈತಿ ಅಂತ ನೀವು ಒಂದ್ ಮಾತು ಹೇಳಿದ್ರ ನಂಬ್ತಾನ. ಬರ್ತೀರೇನ್ರಿ?”

“ಬರ್ತೀನಿ” ಎಂದ.

ಬೆಳಿಗ್ಗೆ ಬಸ್ಸಿನಲ್ಲಿ ಹೋದ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡ. ಎಲ್ಲಿಂದ ಶುರುಮಾಡಿದರೂ ಮೊದಲ ವಾಕ್ಯದಲ್ಲಿ ಹುಲುಗೇಶ ಬರುತ್ತಿದ್ದ, ಮಳೆ ಬರುತ್ತಿತ್ತು; ತಾನು ಬರುವುದು ಮೂರನೆಯ ವಾಕ್ಯಕ್ಕೆ. ಬ್ರೂಸ್‌ಪೇಟೆ ಬಂದರೂ ಮಾತು ಸರಿಹೋಗಲಿಲ್ಲ.

ಶಶಿಕಾಂತ್ ಮೂವತ್ತು ವರ್ಷದಿಂದ ಅದೇ ಓಣಿಯಲ್ಲಿ ಎಂಜಿನ್ ಬಿಚ್ಚುತ್ತಿರುವ ಮೆಕ್ಯಾನಿಕ್. ಎರ್ರೆಪ್ಪ ಹೋಗುವ ಹೊತ್ತಿಗೆ ಪಿಸ್ಟನ್ ಹೊರಗೆ ತೆಗೆದು ಪೇಪರಿನ ಮೇಲೆ ಇಟ್ಟಿದ್ದ. ಹೇಮಾ ಒಂದು ಸ್ಟೂಲಿನ ಮೇಲೆ, ಮಾರೇಶ ಬಾಗಿಲಿಗೆ ಒರಗಿ. ಪಿಸ್ಟನ್ನಿನ ಒಂದು ಮಗ್ಗುಲಲ್ಲಿ ಉದ್ದಕ್ಕೆ ಉಗುರಿನಿಂದ ಗೀರಿದಂಥ ಗೆರೆಗಳು. ಗೆರೆಗಳ ತುಂಬ ಮಸಿ ಕುಳಿತಿತ್ತು.

“ಇದು ಈಗಿಂದಲ್ಲರಿ” ಎಂದ ಶಶಿಕಾಂತ್. “ಮಸಿ ನೋಡ್ರಿ, ಗಾಯದಾಗ ಬೇರು ಬಿಟ್ಟೈತಿ. ಗಾಡಿ ಹೊಸದಿದ್ದಾಗ ಒಮ್ಮೆ ಸೀಜ್ ಆಗೈತಿ, ಪಿಸ್ಟನ್ ಕಚ್ಚೈತಿ. ಎರ್ರೆಪ್ಪಣ್ಣನ ಕೈಯಾಗಂತೂ ಆಗಿರಾಕಿಲ್ಲ. ಅವರು ಕೊಟ್ಟ ಮ್ಯಾಲೆ, ಮೊದಲನೇ ತಿಂಗಳದಾಗ.”

“ನಾ ಏನ್ ಹೇಳಿದ್ದೆ?” ಎಂದ ಮಾರೇಶ. “ಹೊಸ ಸೊಸಿ ಕೈಗೆ ಬೆಣ್ಣಿ ಬೋಗಾಣಿ ಕೊಟ್ಟಂಗಾತು.”

ಹೇಮಾ ಪಿಸ್ಟನ್ ಎತ್ತಿಕೊಂಡು ನೋಡಿದಳು. “ಹೌದು ಬಿಡ್ರಿ. ಮೊದಲನೇ ವಾರ ಒಂದಿನ ಕಾಲುವಿ ಏರಿ ಹತ್ತಿಸುವಾಗ ಭಾಳ ಹೊತ್ತು ರೇಸ್ ಕೊಟ್ಟಿದ್ದೆ. ಆವತ್ತಽ ಆಗಿರಬೇಕು. ನಂದಽ ತಪ್ಪು.”

ಮಾಡದ ತಪ್ಪಿಗೆ ಅವಳು ದಿನ, ಜಾಗ ಎಲ್ಲವನ್ನೂ ಹುಡುಕಿ ಇಟ್ಟುಕೊಂಡಿದ್ದಳು.

“ಆವತ್ತಲ್ಲ” ಎಂದ ಎರ್ರೆಪ್ಪ. “ನನ್ನ ಕೈಯಾಗ ಆದದ್ದು. ಮುನ್ನೂರೈವತ್ತು ಕಿಲೋಮೀಟರಿಗೆ. ಎರೆಹೊಲಕ್ಕ ಇಳಿಸಿದ್ದೆ.”

ಶಶಿಕಾಂತ್ ಎಂಜಿನ್ನಿನಿಂದ ತಲೆ ಎತ್ತಿದ. ಆಮೇಲೆ ಮಾರೇಶ ನಕ್ಕ. ಮೆಚ್ಚುಗೆಯ ನಗೆ.

“ದೊಡ್ಡ ಮನಸು ಮಾವ ನಿಮ್ಮದು. ಆಕಿನ್ನ ಉಳಸಾಕ ನಿಮ್ಮ ಹೆಸರು ಯಾಕ ಕೆಡಿಸ್ಕೊಂತೀರಿ? ಆಕಿಗೆ ನಾ ಏನೂ ಬೈಯಂಗಿಲ್ಲ, ಬಿಡ್ರಿ.”

“ಖರೇ ಹೇಳಾಕತ್ತೀನಿ.”

“ಹೌದ್ಹೌದು” ಎಂದ ಶಶಿಕಾಂತ್, ಕೈ ಒರೆಸಿಕೊಳ್ಳುತ್ತ. “ಎರ್ರೆಪ್ಪಣ್ಣ ಹೆಂಡತೀನ್ನಽ ಹಿಂದ ಕೂಡಿಸಲಾರದಾವ. ಹೊಸ ಗಾಡೀನ ಕೆಸರಿಗೆ ಇಳಸ್ತಾನಂತ! ಚಹಾ ತರಸ್ತೀನಿ, ಕುಂದರ್ರಿ.”

ಎರ್ರೆಪ್ಪ ಕೂರಲಿಲ್ಲ. ಹೇಳುವುದೇ ಕಷ್ಟವೆಂದು ತಿಳಿದಿದ್ದ. ಹೇಳಿದರೂ ಯಾರೂ ನಂಬಲಿಕ್ಕಿಲ್ಲ ಎಂದು ಎಣಿಸಿರಲಿಲ್ಲ. ಇಲ್ಲಿಗೆ ಬಿಟ್ಟರೂ ಆಗುತ್ತಿತ್ತು. ಹೇಳಿದಂತೆಯೂ ಆಗುತ್ತಿತ್ತು, ಹೆಸರು ಇನ್ನೊಂದು ಗೇಣು ಬೆಳೆಯುತ್ತಿತ್ತು. ಅದು ಅವನಿಗೆ ಹೊಳೆಯಲಿಲ್ಲವೆಂದಲ್ಲ. ಫೋನು ತೆಗೆದು ಹುಲುಗೇಶನಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಪಿಸ್ಟನ್ನಿನ ಪಕ್ಕ ಇಟ್ಟ.

“ಲೇ ಹುಲುಗೇಶ, ಡಾಕ್ಟ್ರಮ್ಮನ ಗಾಡಿ ಹೊಲದಾಗ ಸಿಕ್ಕೊಂಡದ್ದು ಹೇಳಲೇ.”

ಆಚೆ ಕಡೆ ಟ್ರ್ಯಾಕ್ಟರು ಆಫ್ ಆಯಿತು. “ಯಾವ ಗಾಡಿ ಮಾವ? ಯಾವ ಹೊಲ? ನನಗೇನೂ ಗೊತ್ತಿಲ್ಲ.”

“ನೀನಽ ಹಗ್ಗ ಕಟ್ಟಿ ಎಳದಿ ಅಲ್ಲಲೇ.”

“ನಾನಾ? ನಾ ಆವತ್ತು ಊರಾಗಽ ಇರಲಿಲ್ಲ. ಯಾರು ಹೇಳಿದ್ರು ನಿಮಗ? ಅವರ ಬಾಯಾಗ ಹುಳ ಬೀಳ.”

ಮಾರೇಶ ಬಾಯಿಗೆ ಕೈ ಅಡ್ಡ ಹಿಡಿದ. ‘ಆವತ್ತು’ ಯಾವತ್ತೆಂದು ಯಾರೂ ಹೇಳಿರಲಿಲ್ಲ.

“ಹೇಳಿದಾವ ನಾನಽ ಹುಲುಗೇಶ” ಎಂದ ಎರ್ರೆಪ್ಪ. “ಎಲ್ಲಾರೂ ಕೇಳಾಕತ್ತಾರ. ನಿಮ್ಮವ್ವನ ಆಣಿ ನಾ ಹಿಂದಕ್ಕ ತಗೊಂಡೆ. ಹೇಳು.”

ಹುಲುಗೇಶ ದೀರ್ಘವಾಗಿ ಉಸಿರು ಬಿಟ್ಟ. ಐದು ತಿಂಗಳು ಹಿಡಿದಿಟ್ಟದ್ದು ಒಡ್ಡು ಒಡೆದಂತೆ ಬಂತು. “ಏನ್ ಹೇಳಲಿ ಮಾವ, ಹಂದಿ ಹೊರಳಿದಂಗಾಗಿತ್ತು ಗಾಡಿ! ಚಕ್ರ ಎಲ್ಲಿ, ಎಂಜಿನ್ ಎಲ್ಲಿ ಗೊತ್ತಽ ಆಗ್ತಿದ್ದಿಲ್ಲ. ನೀವು ಬಿಡವಲ್ರಿ, ರೇಸ್ ಕೊಟ್ಟಽ ಕೊಟ್ರಿ. ನಾ ದೂರದಿಂದ ಬ್ಯಾಡ ಬ್ಯಾಡ ಅಂತ ಒದರಾಕತ್ತಿದ್ದೆ...” ಅವನು ನಿಲ್ಲುವಂತೆ ಕಾಣಲಿಲ್ಲ. ಎರ್ರೆಪ್ಪನೇ ಫೋನು ಆರಿಸಿದ.

ಈಗ ನಂಬಿದರು. ಶಶಿಕಾಂತ್ ಸ್ಪ್ಯಾನರನ್ನು ಕೆಳಗಿಟ್ಟು ಓಣಿಯ ಕಡೆ ನೋಡಿದ. ಮಾರೇಶನ ಬಾಯಲ್ಲಿ ಗಾದೆ ಬರಲಿಲ್ಲ. ಹೇಮಾ ಮಾತ್ರ ಎರ್ರೆಪ್ಪನನ್ನೇ ನೋಡುತ್ತಿದ್ದಳು.

“ಮತ್ತ ಕ್ಲಚ್ಚಿಂದು?”

“ಅದೂ ಸುಳ್ಳು, ಹೇಮಮ್ಮ. ನೀವು ಮಾಡ್ತಿದ್ದದ್ದಽ ಸರಿ ಇತ್ತು.”

ಅವಳು ಎಡಗೈಯ ಮೇಲಿನ ಅಂಗಿಯ ತೋಳನ್ನು ಮೇಲೆ ಸರಿಸಿದಳು. ಮಣಿಕಟ್ಟಿನಲ್ಲಿ ಬಾವು ಪೂರ್ತಿ ಇಳಿದಿರಲಿಲ್ಲ. “ಎರಡು ಸಲ ಬಿದ್ದೀನ್ರಿ. ಬದುವಿನ ಮ್ಯಾಲೆ. ಕ್ಲಚ್ ಮುಟ್ಟಬಾರ್ದು ಅಂತ ಹೇಳಿದ್ರಲ್ಲ, ಮುಟ್ಟಲಿಲ್ಲ. ಎರಡನೇ ಸಲ ಪೆಟ್ಟಿಗಿ ಮೈಮ್ಯಾಲೆ ಬಿತ್ತು. ಇವರಿಗೂ ಹೇಳಿಲ್ಲ.”

ಮಾರೇಶ ಅವಳ ಕೈಯನ್ನು ನೋಡಿದ, ಮೊದಲ ಸಲ ನೋಡುವವನಂತೆ. “ಬಾಗ್ಲಾಗ ಸಿಕ್ಕಿತು ಅಂದಿದ್ದಿ?” ಎಂದ. ಅವಳು ಅಂಗಿಯ ತೋಳನ್ನು ಕೆಳಗೆಳೆದುಕೊಂಡಳು.

ಎಂಜಿನ್ನಿನ ಗಾಯ ಎರ್ರೆಪ್ಪನಿಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಅವನು ಕ್ಷಮೆ ಕೇಳಲು ಬಾಯಿ ತೆರೆದ. ಹೇಮಾ ಕೈ ಅಡ್ಡ ಹಿಡಿದಳು.

“ಈಗ ಬ್ಯಾಡ್ರಿ. ಶಶಿಕಾಂತಣ್ಣ, ಸರಿ ಆಗ್ತೈತೋ ಇಲ್ಲೋ?”

“ಸಿಲಿಂಡರ್ ಕೊರೆದು ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದ್ರ ಹೊಸದಽ ಆಗ್ತೈತಿ” ಎಂದ ಶಶಿಕಾಂತ್. “ಆದ್ರ ಮತ್ತ ಮೊದಲಿಂದ ಪಳಗಿಸಬೇಕು. ಸಾವಿರ ಕಿಲೋಮೀಟರು.”

ಅಭ್ಯಾಸಬಲದಿಂದ ಎಲ್ಲರೂ ಎರ್ರೆಪ್ಪನ ಕಡೆ ತಿರುಗಿ, ತಟ್ಟನೆ ಬೇರೆ ಕಡೆ ನೋಡಿದರು.

“ಖರ್ಚು ನಂದು” ಎಂದ ಅವನು.

“ಅದು ನಿಮ್ಮದಽ” ಎಂದಳು ಹೇಮಾ. “ಗಾಡಿ ಮಾರಂಗಿಲ್ಲ. ಕೊಳ್ಳಾವಗ ಬರಬ್ಯಾಡ ಅಂತ ಹೇಳ್ರಿ. ಈ ಸಲ ನಾನಽ ಪಳಗಸ್ತೀನಿ. ನೀವು ನಿಮ್ಮ ಮೊಪೆಡ್ ತಗೊಂಡು ಹಿಂದ ಬರ್ರಿ ಮಾವ. ಕೇಳಿದ್ದಕ್ಕ ಹೇಳಾಕ ಯಾರರ ಬೇಕಲ್ಲ.”

ಇಲಾಖೆಗೆ ಅವಳು ಹೊಸ ಉತ್ತರ ಬರೆದಳು. ಅದಕ್ಕೆ ಎರ್ರೆಪ್ಪ ತನ್ನ ಹೇಳಿಕೆಯನ್ನು ಬರೆದು ಸಹಿ ಹಾಕಿ ಲಗತ್ತಿಸಿದ. ಮೂವತ್ತು ವರ್ಷ ನೋಟೀಸು ಕಾಣದವನ ಸಹಿ ಇನ್ನೊಬ್ಬರ ನೋಟೀಸಿನ ಕಡತ ಸೇರಿತು. ಸಿರುಗುಪ್ಪದ ಚಹಾ ಅಂಗಡಿಗೂ ತಾನೇ ಹೋಗಿ ಹೇಳಿದ. ಅಷ್ಟರಲ್ಲಿ ಹುಲುಗೇಶ ಅಲ್ಲಿ ನಾಲ್ಕು ಸಲ ಹೇಳಿಯಾಗಿತ್ತು; ನಾಲ್ಕನೆಯ ಸಲದ ಕಥೆಯಲ್ಲಿ ಗಾಡಿ ಸೊಂಟದವರೆಗೆ ಹೂತುಹೋಗಿತ್ತು. ಎರ್ರೆಪ್ಪ ಅದನ್ನು ತಿದ್ದಲಿಲ್ಲ. ಕುರುಗೋಡಿನಲ್ಲಿ ಅನಂತರ ಕೀಲಿಕೈ ತಂದವರು ಕಡಿಮೆಯಾದರು. ಬಂದವರಿಗೂ ಅವನು ಮೊದಲು ಈ ಸಂಗತಿ ಹೇಳುತ್ತಿದ್ದ. ಕೆಲವರು ಕೇಳಿ ಗಾಡಿ ಬಿಟ್ಟು ಹೋಗುತ್ತಿದ್ದರು, ಕೆಲವರು ಗಾಡಿಯೊಂದಿಗೆ ಹೋಗುತ್ತಿದ್ದರು. ಹಿಂದಿನ ಹೆಸರು ತಿರುಗಿ ಬರಲಿಲ್ಲ.

ಮಾರ್ಚಿನ ಭಾನುವಾರಗಳಲ್ಲಿ ಹೇಮಾ ಸುತ್ತು ಹಾಕಿದಳು. ಸಿರುಗುಪ್ಪ, ಕುರುಗೋಡು, ಬಳ್ಳಾರಿ, ಮತ್ತೆ ಸಿರುಗುಪ್ಪ. ನಲವತ್ತರ ಮೇಲೆ ಹೋಗಲಾರದ ಹಳೆಯ ಮೊಪೆಡ್ಡಿನಲ್ಲಿ ಎರ್ರೆಪ್ಪ ಹಿಂದೆ. ಅವಳು ಬೇಕೆಂದೇ ಅವನಿಗಾಗಿ ನಿಧಾನ ಮಾಡುತ್ತಿರಲಿಲ್ಲ. ಪಳಗುವ ಗಾಡಿಯ ವೇಗವೂ ಅಷ್ಟೇ ಇತ್ತು. ಗಾಡಿಯ ವಿಷಯ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಕೇಳಿದ್ದಕ್ಕೆ ಅವನು ಉತ್ತರ ಕೊಡುತ್ತಿದ್ದ, ಹೆಚ್ಚಿಗೆ ಏನೂ ಸೇರಿಸುತ್ತಿರಲಿಲ್ಲ.

ಮೂರನೆಯ ಸುತ್ತಿನಲ್ಲಿ, ತೆಕ್ಕಲಕೋಟೆ ದಾಟಿದ ಮೇಲೆ, ಅವಳು ಬೇವಿನಮರದಡಿ ಗಾಡಿ ನಿಲ್ಲಿಸಿ, ಒಂದು ಪಕ್ಕಕ್ಕೆ ಜಾರಿ ಕಾಲೂರಿ ಕಾದಳು. ಎರ್ರೆಪ್ಪ ಬಂದು ಸೇರಿಕೊಂಡ.

“ಮೂರನೇ ಗೇರಿನ್ಯಾಗ ಒಂದು ಸಪ್ಪಳ ಬರಾಕತ್ತೈತಿ ಮಾವ. ಕಟಕಟ ಅಂತ. ಏನದು?”

ಅವನು ಬಗ್ಗಿ ಕಿವಿಗೊಟ್ಟ. ಅವಳು ರೇಸ್ ಕೊಟ್ಟಳು, ಬಿಟ್ಟಳು. ಸಪ್ಪಳ ಇತ್ತು. ಚೈನಿನದು ಇರಬಹುದು, ಒಳಗಿನದೂ ಇರಬಹುದು. ಹಿಂದಾಗಿದ್ದರೆ ಏನಾದರೊಂದು ಹೇಳಿಬಿಡುತ್ತಿದ್ದ. ಅವನು ಹೇಳಿದ್ದನ್ನು ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ.

“ನನಗ ಗೊತ್ತಾಗವಲ್ದವ್ವ” ಎಂದ.

ಹೇಮಾ ಅವನ ಮುಖ ನೋಡಿದಳು. ಆಮೇಲೆ ಎಂಜಿನ್ ಆಫ್ ಮಾಡಿ, ಶಶಿಕಾಂತನಿಗೆ ಫೋನು ಹಚ್ಚಿ, ಆಚೆ ಕಡೆ ರಿಂಗಾಗುತ್ತಿರುವಾಗ, “ಆತು ಮಾವ. ನೆಳ್ಳಾಗ ಕುಂದರ್ರಿ, ಗಾಡಿ ಆರಲಿ” ಎಂದಳು.